ನೋವಿಗೆ ಮೂರು ಸಾಲು

ಜೂನ್ 4

ಗುಮ್ಮಣ್ಣ,

ಫೋನ್ ಮಾಡಿದರೆ ಹೂಂ, ಊಹೂಂ, ಸರಿ ಬಿಟ್ಟರೆ ನಿನ್ನ ಬಾಯಿಂದ ಇನ್ನೊಂದು ಮಾತು ಬೀಳುವುದಿಲ್ಲ. ಕಾಗದದಲ್ಲಾದರೆ ಪುಟ ತುಂಬಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಉತ್ತರವೂ ಕಾಗದದಲ್ಲೇ ಬರಲಿ.

ನೇರ ವಿಷಯಕ್ಕೆ ಬರುತ್ತೇನೆ. ನಾನು ಕಲಿತ ತರಬೇತಿ ಕೇಂದ್ರದಲ್ಲಿ ನಿನಗೊಂದು ಸೀಟು ಹಿಡಿದಿಟ್ಟಿದ್ದೇನೆ. ಫ್ರಿಜ್ಜು, ಏಸಿ, ತಂಪು ಕೋಣೆಗಳ ಕೋರ್ಸು, ಎರಡು ವರ್ಷ. ಪ್ರಿನ್ಸಿಪಾಲರು ನನಗೆ ಪಾಠ ಹೇಳಿದವರು. ಅವರ ಮನೆಯ ಫ್ರಿಜ್ಜು ಇವತ್ತಿಗೂ ನಾನು ಹೋಗಿ ಮುಟ್ಟಿದರೆ ಮಾತ್ರ ತಣ್ಣಗಾಗುತ್ತದೆ. "ನಿನ್ ತಮ್ಮ ಅಂದ್ಮೇಲೆ ಜುಲೈ ಕೊನೇವರೆಗೂ ಕಾಯ್ತೀನಮ್ಮ. ಆಮೇಲೆ ನನ್ ಕೈಲಿಲ್ಲ" ಅಂದಿದ್ದಾರೆ. ಅಷ್ಟರೊಳಗೆ ಬಂದು ಸೇರಬೇಕು. ಇಲ್ಲೇ ನಮ್ಮ ಜೊತೆ ಇರಬಹುದು, ಅಮ್ಮನ ಕೈ ಊಟ.

ನೀನು ಸಾಹಿತ್ಯದ ಪದವಿ ಮುಗಿಸಿದಾಗ ಎಲ್ಲರಿಗಿಂತ ಜೋರಾಗಿ ಕುಣಿದವಳು ನಾನು. ಅದು ಬೇರೆ ಮಾತು. ಆದರೆ ಈಗ ಯಾರಾದರೂ "ನಿಮ್ ತಮ್ಮ ಏನ್ ಮಾಡ್ತಿದ್ದಾನೆ" ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಕೃತಕ ಕಾಲು ಮಾಡುವ ಕಡೆ ಇದ್ದಾನೆ ಅಂತೀನಿ. ಕಾಲು ಮಾಡ್ತಾನಾ ಅಂತಾರೆ. ಇಲ್ಲ ಅಂತೀನಿ. ಮತ್ತೇನು ಅಂತಾರೆ. ಆಗ ನಾನು ಮಾತು ಬದಲಿಸುತ್ತೇನೆ. ನನ್ನ ಕೆಲಸ ಯಾರಿಗೂ ವಿವರಿಸಬೇಕಾಗಿಲ್ಲ ನೋಡು. ಔಷಧಿ ಉಗ್ರಾಣದ ತಂಪು ಕೋಣೆ ಕೆಟ್ಟರೆ ನಾನು ಬೇಕು, ಅಷ್ಟೇ.

ಇನ್ನೊಂದು. ನನ್ನ ಜೊತೆ ಕೆಲಸ ಮಾಡುವವಳ ಮಗಳು ಸಂಜೆ ಕಾಲೇಜಿನಲ್ಲಿ ಬಿ.ಎ. ಸೇರಿದ್ದಾಳೆ. 'ಓದಿನಿಂದ ಏನು ಉಪಯೋಗ' ಅಂತ ಒಂದು ಪುಟ ಬರೆಯಲು ಕೊಟ್ಟಿದ್ದಾರಂತೆ. ಹುಡುಗಿ ಪೆನ್ನು ಕಚ್ಚಿಕೊಂಡು ಕೂತಿದೆ. ನೀನೊಂದು ಬರೆದು ಕಳಿಸು, ಪುಣ್ಯ ಬರುತ್ತದೆ.

ನಿನ್ನ ಅಕ್ಕ


ಜೂನ್ 15

ಅಕ್ಕಾ,

ಮುಂದಿನ ಸಲ ಕೇಳಿದವರಿಗೆ ಹೀಗೆ ಹೇಳು. ಇಲ್ಲಿ ಮುಂದೆ ಒಂದು ಹಜಾರವಿದೆ. ಎರಡು ಕಂಬಿಗಳ ನಡುವೆ ಜನ ಹೊಸ ಕಾಲು ಹಾಕಿಕೊಂಡು ನಡೆದು ನೋಡುತ್ತಾರೆ, ಎದುರಿಗೆ ಆಳೆತ್ತರದ ಕನ್ನಡಿ. ಹಿಂದಿನ ಕೋಣೆಯಲ್ಲಿ ಮೇಸ್ತ್ರಿ ಇರುತ್ತಾರೆ. ಕತ್ತರಿಸಿದ ಕಾಲಿನ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು, ಅದಕ್ಕೆ ಕೂರುವಂಥ ಬಟ್ಟಲು ಮಾಡುವವರು ಅವರೇ. ಎಲ್ಲವೂ ಆ ಬಟ್ಟಲಿನಲ್ಲಿದೆ. ಒಂದು ಕೂದಲೆಳೆ ಬಿಗಿಯಾದರೆ ಚರ್ಮ ಕೆಂಪಾಗುತ್ತದೆ.

ಮೇಸ್ತ್ರಿಗೆ ಜನ ಆಗುವುದಿಲ್ಲ. "ಕಾಲು ನೋಯ್ತಿದೆ ಅನ್ನೋಕೆ ಮೊಮ್ಮಗನ ನಾಮಕರಣದಿಂದ ಶುರು ಮಾಡ್ತಾರೆ" ಅನ್ನುತ್ತಾರೆ. ಹಾಗಾಗಿ ನನ್ನನ್ನು ಇಟ್ಟುಕೊಂಡಿದ್ದಾರೆ. ನಾನು ಹಜಾರದಲ್ಲಿ ಕೂತು ಅವರ ಮಾತು ಕೇಳಿ ಮೇಸ್ತ್ರಿಗೆ ಚೀಟಿ ಬರೆಯುತ್ತೇನೆ. ಮೊದಲ ದಿನವೇ ಹೇಳಿದ್ದರು: "ನೋಡಪ್ಪಾ ಸಾಹಿತಿ, ಮೂರು ಸಾಲು. ನಾಲ್ಕನೇದು ಬರೆದ್ರೆ ಓದಲ್ಲ."

ನಿನಗೆ ನಗು ಬರಬಹುದು. ಆದರೆ ಅಷ್ಟು ಮಾತಿನಿಂದ ಮೂರು ಸಾಲು ತೆಗೆಯುವುದು ಕಷ್ಟದ ಕೆಲಸ. ನಮ್ಮ ಮೇಷ್ಟ್ರು ತರಗತಿಯಲ್ಲಿ ಹೇಳಿಕೊಟ್ಟಿದ್ದೂ ಇದನ್ನೇ, ಬೇಡದ್ದನ್ನು ಬಿಡು ಅಂತ. ಮೊನ್ನೆ ಒಬ್ಬರು ಬಸ್ ಕಂಡಕ್ಟರ್ ಬಂದಿದ್ದರು, ನಡುವಯಸ್ಸಿನ ಹೆಂಗಸು. ಮೊಣಕಾಲಿನ ಕೆಳಗೆ ಕಾಲು ಹೋಗಿದೆ. ಮತ್ತೆ ಡ್ಯೂಟಿಗೆ ಹತ್ತಬೇಕು ಅಂತ ಹಟ, ಅದಕ್ಕೊಂದು ಪರೀಕ್ಷೆ ಇದೆಯಂತೆ, ಈಗಲೇ ಕಾಲು ಹಾಕಿಕೊಂಡು ಹಳೆಯ ರೂಟಿನ ಬಸ್ಸಿನಲ್ಲಿ ಅಭ್ಯಾಸ ಮಾಡುತ್ತಾರಂತೆ. ಅವರು ಒಂದು ಗಂಟೆ ಮಾತಾಡಿದರು. ರೂಟು, ಡ್ರೈವರು, ತಿರುವು, ಚಿಲ್ಲರೆ ಇಲ್ಲದವರು. ಕೊನೆಗೆ ನಾನು ಬರೆದದ್ದು: 'ನಿಂತಾಗ ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಒತ್ತಡ. ಅಭ್ಯಾಸದ ವೇಳೆ ಹೆಚ್ಚು. ಬಟ್ಟಲು ಮುಂದೆ ಬಿಗಿ ಇರಬಹುದು.' ಮೇಸ್ತ್ರಿ ಓದಿ ತಲೆಯಾಡಿಸಿದರು. ಅವರು ತಲೆಯಾಡಿಸುವುದು ಅಪರೂಪ.

ಆದ್ದರಿಂದ ಸೀಟಿನ ವಿಷಯ ಸದ್ಯಕ್ಕೆ ಬೇಡ ಅಕ್ಕಾ. ನನ್ನ ಕೈಗೆ ಸ್ಕ್ರೂಡ್ರೈವರ್ ಹೊಂದುವುದಿಲ್ಲ ಅಂತ ನಿನಗೇ ಗೊತ್ತು.

ಹುಡುಗಿಗೆ ಪುಟ ಬರೆದು ಇಟ್ಟಿದ್ದೇನೆ. ಓದು ಮನಸ್ಸನ್ನು ವಿಶಾಲಗೊಳಿಸುತ್ತದೆ ಎಂಬಲ್ಲಿಂದ ಶುರುವಾಗುತ್ತದೆ. ಹಾಗೇ ನಕಲು ಮಾಡಿಕೊಂಡರೂ ತೊಂದರೆಯಿಲ್ಲ.

ನಿನ್ನ ತಮ್ಮ


ಜೂನ್ 24

ಗುಮ್ಮಣ್ಣ,

ಹುಡುಗಿ ನಿನ್ನ ಪುಟ ಓದಿದಳು. ಹೇಗಿದೆಯೇ ಅಂದರೆ, "ಚೆನ್ನಾಗಿದೆ, ಆದ್ರೆ ಇದನ್ನ ಬರೆದವರು ಯಾರು ಅಂತ ಗೊತ್ತಾಗಲ್ಲ" ಅಂದಳು. ಕೋಪ ಮಾಡಿಕೊಳ್ಳಬೇಡ, ಚಿಕ್ಕವಳು. ಕೊನೆಗೆ ತಾನೇ ಬರೆದಿದ್ದಾಳೆ. ಜೊತೆಗಿಟ್ಟಿದ್ದೇನೆ, ತಿದ್ದಿ ಕಳಿಸು. ಹೆಚ್ಚು ಕೆಂಪು ಮಾಡಬೇಡ.

ನಿನ್ನ ಮೂರು ಸಾಲಿನ ಕೆಲಸದ ಬಗ್ಗೆ ಅಮ್ಮನಿಗೆ ಓದಿ ಹೇಳಿದೆ. "ಮಾತಾಡದೋನಿಗೆ ಮಾತು ಕೇಳೋ ಕೆಲಸ, ಸರಿಯಾಗೇ ಸಿಕ್ಕಿದೆ ಬಿಡೆ" ಅಂದಳು. ಅವಳು ನಿನ್ನ ಪಕ್ಷ, ಯಾವಾಗಲೂ. ಆದರೆ ನಾಳೆ ಮೇಸ್ತ್ರಿಗೆ ಜನರ ಮೇಲೆ ಪ್ರೀತಿ ಹುಟ್ಟಿ ಅವರೇ ಹೊರಗೆ ಬಂದು ಕೇಳಿದರೆ ನಿನ್ನ ಗತಿ ಏನು? ಯಾವುದಾದರೂ ಒಂದು ಕೆಲಸ ಕೈಯಲ್ಲಿರಬೇಕು ಕಣೋ. ಕಾಗದವಲ್ಲ, ಕೆಲಸ. ನಾನು ಹತ್ತನೇ ತರಗತಿ ಮುಗಿಸಿ ಆ ಕೇಂದ್ರದ ಗೇಟು ದಾಟಿದಾಗ ನನಗೇನೂ ಇಷ್ಟವಿರಲಿಲ್ಲ. ಅಪ್ಪ ಹೋಗಿದ್ದರು, ನೀನು ಚಿಕ್ಕವನು, ಇಷ್ಟ ಕಷ್ಟ ಕೇಳುವವರು ಯಾರು. ಈಗ ನೋಡು, ಕಂಪ್ರೆಸರ್ ಸದ್ದು ಕೇಳಿಯೇ ಏನಾಗಿದೆ ಹೇಳುತ್ತೇನೆ.

ಪ್ರಿನ್ಸಿಪಾಲರು ನಿನ್ನೆ ಕೇಳಿದರು. ಬರ್ತಾನೆ ಸಾರ್ ಅಂದಿದ್ದೇನೆ. ನನ್ನ ಮುಖ ಉಳಿಸು.

ಅಕ್ಕ


ಜುಲೈ 6

ಅಕ್ಕಾ,

ಹುಡುಗಿಯ ಪುಟ ತಿದ್ದಿ ಕಳಿಸಿದ್ದೇನೆ. ವಿಷಯ ಬಿಟ್ಟು ಎಲ್ಲೆಲ್ಲೋ ಹೋಗಿದ್ದಾಳೆ. ನಡುವೆ ತಂಪು ಕೋಣೆಯ ಬಗ್ಗೆ ಒಂದು ದೊಡ್ಡ ಭಾಗವಿದೆ, ಅದನ್ನು ಪೂರ್ತಿ ಹೊಡೆದು ಹಾಕಿದ್ದೇನೆ. ಪ್ರಬಂಧಕ್ಕೂ ಅದಕ್ಕೂ ಸಂಬಂಧವಿಲ್ಲ. ಅವಳ ಅಮ್ಮನ ಜೊತೆ ನಿಮ್ಮ ಉಗ್ರಾಣಕ್ಕೆ ಬಂದು ನೋಡಿದ್ದಿರಬೇಕು.

ಸೀಟು ಇನ್ನೂ ಇದೆಯಾ? ಸುಮ್ಮನೆ ಕೇಳಿದೆ.

ತಮ್ಮ


ಜುಲೈ 12

ಏನಾಯಿತು?

ಸುಮ್ಮನೆ ಕೇಳುವ ಪೈಕಿ ಅಲ್ಲ ನೀನು. ಚಿಕ್ಕಂದಿನಲ್ಲಿ ಜ್ವರ ಬಂದರೂ ಹೇಳುತ್ತಿರಲಿಲ್ಲ, ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಈ ಕಾಗದವೂ ಹಾಗೇ ಇದೆ. ಕೆಲಸದಿಂದ ತೆಗೆದರಾ? ಯಾರಾದರೂ ಏನಾದರೂ ಅಂದರಾ? ಮೈ ಹುಷಾರಿಲ್ಲವಾ? ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅಮ್ಮನಿಗೆ ಹೇಳಿಲ್ಲ.

ಸೀಟು ಇದೆ. ಆದರೆ ಹೀಗೆ ಕೇಳಿದರೆ ಹಾಂ ಬಾ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಯಾಕೆ ಅಂತ ನನಗೇ ಗೊತ್ತಿಲ್ಲ. ಒಂದು ತಿಂಗಳಿಂದ ಬಾ ಬಾ ಅನ್ನುತ್ತಿದ್ದವಳು ನಾನೇ.

ಹುಡುಗಿಯ ಸುದ್ದಿ: ನೀನು ಹೊಡೆದು ಹಾಕಿದ ಭಾಗವನ್ನು ಅವಳು ತೆಗೆಯಲಿಲ್ಲ. ತೆಗೆದರೆ ಉಳಿಯುವುದೇನು ಅಂದಳು. ಲೆಕ್ಚರರು ಅದನ್ನೇ ತರಗತಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಕೂತ ಕಡೆಯಿಂದ ಎದ್ದು ಓಡಿಹೋಗಬೇಕು ಅನ್ನಿಸಿತಂತೆ ಅವಳಿಗೆ, ಹೋಗಲಿಲ್ಲವಂತೆ.

ಬೇಗ ಬರೆ. ಉದ್ದ ಬರೆ.

ಅಕ್ಕ


ಜುಲೈ 18

ಅಕ್ಕಾ,

ಉದ್ದ ಬರೆಯುತ್ತೇನೆ.

ನನ್ನ ಚೀಟಿ ನೋಡಿ ಮೇಸ್ತ್ರಿ ಕಂಡಕ್ಟರಮ್ಮನ ಬಟ್ಟಲನ್ನು ಮುಂದೆ ಉಜ್ಜಿ ಸಡಿಲ ಮಾಡಿದರು. ಅವರು ಹಾಕಿಕೊಂಡು ಹೋದರು. ಎರಡು ವಾರದ ಮೇಲೆ, ಜುಲೈ ಮೊದಲಲ್ಲಿ ವಾಪಸು ಬಂದಾಗ ಮಗನ ಹೆಗಲು ಹಿಡಿದು ಬಂದರು, ಕಾಲು ಚೀಲದಲ್ಲಿತ್ತು. ಹೊರಬದಿಯ ಮೂಳೆಯ ಮೇಲೆ ಗಾಯವಾಗಿತ್ತು. ಮುಂದೆ ಸಡಿಲವಾದ ಕಾರಣ ಕಾಲು ಒಳಗೆ ಇಳಿದು ಭಾರವೆಲ್ಲ ಆ ಬದಿಗೆ ಬಿದ್ದಿತ್ತು. ಡ್ಯೂಟಿಯ ಪರೀಕ್ಷೆಗೆ ಅವರಿಗೆ ಹೋಗಲಾಗಲಿಲ್ಲ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ನಾನು ಹೇಳಿದ್ನಲ್ಲ ಮರಿ, ಬಸ್ಸು ತಿರುವಿನಲ್ಲಿ ತಿರುಗಿದಾಗ ಜನರ ಮಧ್ಯೆ ಮೈ ತಿರುಗಿಸ್ತೀನಲ್ಲ, ಆವಾಗ ಹೊರಗಡೆಯಿಂದ ಯಾರೋ ಹೆಬ್ಬೆರಳಲ್ಲಿ ಒತ್ತಿದಂಗೆ ಆಗುತ್ತೆ ಅಂತ" ಅಂದರು. ಹೇಳಿದ್ದರು ಅಕ್ಕಾ. ಅಕ್ಷರ ಅಕ್ಷರ ನೆನಪಿತ್ತು. ಮುಂದೆ ಒತ್ತುತ್ತದೆ ಅಂತಲೂ ಒಂದು ಮಾತು ಹೇಳಿದ್ದರು, ಅದು ದೇಹದ ಮಾತು ಅಂತ ಇಟ್ಟುಕೊಂಡೆ. ತಿರುವು ಮತ್ತು ಹೆಬ್ಬೆರಳನ್ನು ಕಥೆ ಅಂತ ಬಿಟ್ಟೆ.

ಮೇಸ್ತ್ರಿ ನನ್ನನ್ನು ಒಳಗೆ ಕರೆದರು.

"ಇದೆಲ್ಲ ಹೇಳಿದ್ರಾ ಆಯಮ್ಮ?"

"ಹೇಳಿದ್ರು."

"ಮತ್ತೆ ಬರೀಲಿಲ್ಲ?"

"ಮೂರು ಸಾಲು ಅಂದಿದ್ರಿ."

"ಮೂರು ಸಾಲು ಅಂದೆ. ಆ ಮೂರೇ ಅಂದ್ನಾ?"

ಉಜ್ಜುವ ಯಂತ್ರ ಹಾಕಿದರು. ಕೈಯಲ್ಲಿ ಏನೂ ಇರಲಿಲ್ಲ, ಯಂತ್ರ ಸುಮ್ಮನೆ ತಿರುಗುತ್ತಿತ್ತು.

ನಿನಗೆ ಜುಲೈ ಆರರಂದು ಬರೆದಾಗ ಇದು ಆಗಿತ್ತು. ಹೇಳಲು ಆಗಲಿಲ್ಲ.

ಅಂದಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ. ಊಟ ಮಾಡುತ್ತಾ ಎದ್ದು ಓಡಾಡುತ್ತೇನೆ. ಕಾಲಿನ ಕೆಲಸ ಗೊತ್ತಿದ್ದವನಾಗಿದ್ದರೆ ತಿರುಗುವುದು ಎಂದ ಕೂಡಲೇ ಕಿವಿ ನಿಮಿರುತ್ತಿತ್ತು. ನನಗೆ ಕಾಲೂ ಗೊತ್ತಿಲ್ಲ. ಮೂರು ವರ್ಷ ಓದಿದ್ದು ಮಾತಿನ ವಿಷಯವನ್ನೇ, ಅದೂ ಗೊತ್ತಿಲ್ಲ ಅಂತ ಈಗ ಗೊತ್ತಾಯಿತು. ಹಾಗಿರುವಾಗ ಇನ್ನೊಬ್ಬರ ಗಾಯದ ಪಕ್ಕ ಕೂರುವ ಹಕ್ಕು ನನಗಿಲ್ಲ. ಯಂತ್ರಕ್ಕೆ ತಪ್ಪು ಮಾಡಿದರೆ ಔಷಧಿ ಬೆಚ್ಚಗಾಗುತ್ತದೆ, ಅಷ್ಟೇ ತಾನೆ.

ನೀನು ಹೇಳಿದ್ದೇ ಸರಿ. ಇವತ್ತು ರಾಜೀನಾಮೆ ಕೊಟ್ಟೆ. ಮೂವತ್ತನೇ ತಾರೀಖು ಅಲ್ಲಿರುತ್ತೇನೆ. ಪ್ರಿನ್ಸಿಪಾಲರಿಗೆ ಹೇಳು.

ಇನ್ನೊಂದು. ಹುಡುಗಿಯ ಪುಟವನ್ನು ತಿದ್ದುವಾಗ ನಕಲು ಮಾಡಿ ಇಟ್ಟುಕೊಂಡಿದ್ದೆ. ಯಾಕೋ ಗೊತ್ತಿಲ್ಲ. ಮೊನ್ನೆ ಮತ್ತೆ ಓದಿದೆ. 'ತಂಪು ಅನ್ನುವುದನ್ನು ಯಾರೂ ಕೋಣೆಯೊಳಗೆ ತಂದು ಇಡುವುದಿಲ್ಲ. ಒಳಗಿನ ಬಿಸಿಯನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಹಾಕುತ್ತಾರೆ, ಉಳಿದದ್ದು ತಂಪು. ಓದದೆ ಇದ್ದುದರಿಂದ ನನಗೇನೂ ಆಗಲಿಲ್ಲ. ಯಾರೂ ನನ್ನೊಳಗೆ ಏನನ್ನೂ ತಂದು ಇಡಲಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹೊರಗೆ ಹೋಯಿತು.' ಸಂಜೆ ಕಾಲೇಜಿನ ಯಾವ ಚಿಕ್ಕ ಹುಡುಗಿಯೂ ಇದನ್ನು ಬರೆಯುವುದಿಲ್ಲ ಅಕ್ಕಾ. ಹತ್ತು ವರ್ಷ ಆ ಕೋಣೆಗಳ ಒಳಗೆ ನಿಂತವರು ಬರೆಯಬೇಕು. ನಾನು ಅದರ ಮೇಲೆ ಗೀಟು ಎಳೆದೆ.

ತಮ್ಮ


ಜುಲೈ 19

ಗುಮ್ಮಣ್ಣ,

ನಿನ್ನ ಉತ್ತರ ಕಾಯದೆ ಬರೆಯುತ್ತಿದ್ದೇನೆ. ಕಾದರೆ ಧೈರ್ಯ ಹೋಗುತ್ತದೆ.

ಮಗಳೂ ಇಲ್ಲ, ಗೆಳತಿಯೂ ಇಲ್ಲ. ಬಿ.ಎ. ಸೇರಿದವಳು ನಾನು. ಪಕ್ಕದ ಬೆಂಚಿನವರು ನನ್ನನ್ನು ಆಂಟಿ ಅನ್ನುತ್ತಾರೆ. ಯೂನಿಫಾರಂ ಬದಲಿಸಲು ಹೊತ್ತು ಸಿಗದ ದಿನ ಹಾಗೇ ಹೋಗುತ್ತೇನೆ. ಮೊದಲ ದಿನ ಫ್ಯಾನು ರಿಪೇರಿಗೆ ಬಂದವಳು ಅಂದುಕೊಂಡು ಪ್ಯೂನು ಏಣಿ ತಂದಿಟ್ಟ. ನಾನೂ ಏನೂ ಹೇಳದೆ ಫ್ಯಾನು ಸರಿ ಮಾಡಿ, ಆಮೇಲೆ ಹೋಗಿ ಕೂತೆ.

ನಿನಗೆ ಯಾಕೆ ಹೇಳಲಿಲ್ಲ? ನಿನ್ನ ಮೇಲೆ ಹೊಟ್ಟೆಕಿಚ್ಚು, ಅದಕ್ಕೆ. ನೀನು ಮೂರು ವರ್ಷ ಕೂತು ಓದಿದೆ, ಓದಿ ಸುಮ್ಮನಿದ್ದೆ. ನನಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆ ಅಂತ ಲೆಕ್ಕ ಹಾಕುತ್ತಿದ್ದೆ. ನಿನ್ನ ಕೈಗೆ ಸ್ಪ್ಯಾನರ್ ಹಿಡಿಸಿಬಿಟ್ಟರೆ ನಾವಿಬ್ಬರೂ ಒಂದೇ ಆಗುತ್ತೇವೆ ಅನ್ನಿಸಿತ್ತೇನೋ. ನಿನ್ನ ಒಳ್ಳೆಯದಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ ಅದು.

ನಿನ್ನ ಜೂನ್ ಕಾಗದ ಮತ್ತೆ ಓದಿದೆ. ಆ ಕಂಡಕ್ಟರಮ್ಮ ಒಂದು ಗಂಟೆ ಮಾತಾಡಿದರು ಅಂತ ಬರೆದಿದ್ದೀಯ. ರೂಟು, ಡ್ರೈವರು, ತಿರುವು. ನೀನು ಎದುರಿಗಿದ್ದೆ, ಅವರು ಒಂದು ಗಂಟೆ ಮಾತಾಡಿದರು ಕಣೋ. ನನ್ನ ಎದುರು ಜನ ಎರಡು ನಿಮಿಷ ಮಾತಾಡುವುದಿಲ್ಲ, ಎಲ್ಲಿ ಕೆಟ್ಟಿದೆ ಹೇಳಿ ಅಂತ ನಾನೇ ಬಾಯಿ ಮುಚ್ಚಿಸುತ್ತೇನೆ. ಅದು ಸಣ್ಣ ಕೆಲಸವಲ್ಲ. ಮೂರು ಸಾಲು ಮಾಡುವುದನ್ನು ಮಾತ್ರ ಬಿಡು.

ಅದಕ್ಕೇ ಇವತ್ತು ಹೋಗಿ ಸೀಟು ಬಿಟ್ಟುಕೊಟ್ಟೆ. ಪ್ರಿನ್ಸಿಪಾಲರು, "ತಿಂಗಳುಗಟ್ಲೆ ಹಿಡಿಸಿ ಈಗ ಬೇಡ ಅಂತೀಯಲ್ಲಮ್ಮ" ಅಂದರು. ಅಲ್ಲೇ ಬಾಗಿಲ ಬಳಿ ಒಬ್ಬ ತಂದೆ ಮಗಳನ್ನು ಕರೆದುಕೊಂಡು ನಿಂತಿದ್ದ, ಅವಳಿಗೆ ಹೋಯಿತು. ನೀನು ಅಲ್ಲೇ ಇರು. ಬರಬೇಡ.

ಅಕ್ಕ


ಜುಲೈ 22

ನಿನ್ನ ಹದಿನೆಂಟನೇ ತಾರೀಖಿನ ಕಾಗದ ಈಗ ಸಿಕ್ಕಿತು.

ಕೇಂದ್ರಕ್ಕೆ ಓಡಿದೆ. ಸೀಟು ಇಲ್ಲ. ಬೇರೆ ಯಾವ ಕೋರ್ಸಿನಲ್ಲೂ ಇಲ್ಲ. ಸೀಟು ಸಿಕ್ಕ ಆ ಹುಡುಗಿ ವರ್ಕ್‌ಶಾಪಿನಲ್ಲಿ ಪೈಪು ಬಗ್ಗಿಸುತ್ತಿದ್ದಳು. ಅವಳನ್ನು ನೋಡಿ ವಾಪಸು ಬಂದೆ.

ರಾಜೀನಾಮೆಯನ್ನು ಯಾರನ್ನು ಕೇಳಿ ಕೊಟ್ಟೆ? ಹುಟ್ಟಿದಾಗಿನಿಂದ ಒಂದು ನಿರ್ಧಾರ ಮಾಡದವನು ಈಗಲೇ ಮಾಡಬೇಕಿತ್ತಾ? ನಾನೂ ಯಾರನ್ನು ಕೇಳಿ ಸೀಟು ಬಿಟ್ಟೆ, ಅದೂ ಇದೆ. ಅಮ್ಮನಿಗೆ ಎಲ್ಲ ಹೇಳಿದೆ. "ಇಬ್ರೂ ಒಬ್ಬರಿಗೊಬ್ರು ಉಪಕಾರ ಮಾಡೋದು ಯಾವತ್ತು ನಿಲ್ಲಿಸ್ತೀರೋ ಆವತ್ತು ಉದ್ಧಾರ ಆಗ್ತೀರ" ಅಂತ ಅಡುಗೆ ಮನೆಗೆ ಹೋದಳು.

ಔಷಧಿ ಬೆಚ್ಚಗಾಗುತ್ತದೆ ಅಷ್ಟೇ ತಾನೆ ಅಂತ ಬರೆದಿದ್ದೀಯ. ಬೆಚ್ಚಗಾದ ಔಷಧಿ ಯಾರ ಮೈಯೊಳಗೆ ಹೋಗುತ್ತದೆ ಅಂತ ಯೋಚಿಸಿದೆಯಾ? ತಪ್ಪು ಮಾಡದೆ ಇರಲು ಜಾಗ ಹುಡುಕುತ್ತಿದ್ದರೆ ಇಲ್ಲಿಗೆ ಬರಬೇಡ. ಇಲ್ಲೂ ಅಂಥ ಜಾಗವಿಲ್ಲ.

ಏನು ಮಾಡುತ್ತೀಯ ಬರೆ.


ಆಗಸ್ಟ್ 2

ಅಕ್ಕಾ,

ನಿನ್ನ ಎರಡು ಕಾಗದವೂ ಸಿಕ್ಕಿದವು. ತಕ್ಷಣ ಬರೆಯಲಿಲ್ಲ. ಆಗ ಬರೆದಿದ್ದರೆ ಬರೀ ಕೋಪ ಇರುತ್ತಿತ್ತು. ಸೀಟು ಹೋಯಿತು ಅಂತ ಓದಿದಾಗ, ಬಸ್ಸಿಗೆ ಓಡಿ ಬಂದು ಅದರ ಬೆನ್ನು ಮಾತ್ರ ನೋಡಿದ ಹಾಗಾಯಿತು. ನಿನ್ನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ರಾಜೀನಾಮೆ ಕೊಟ್ಟರೂ ಇಪ್ಪತ್ತೊಂಬತ್ತರವರೆಗೆ ಕೆಲಸಕ್ಕೆ ಬರಬೇಕಿತ್ತು. ಕಂಡಕ್ಟರಮ್ಮನ ಗಾಯ ಒಣಗಿ ಹೊಸ ಅಚ್ಚು ತೆಗೆಯುವ ದಿನ ಬಂತು. ಹೇಗೂ ಹೋಗುವವನು, ಮೇಸ್ತ್ರಿ ಬೈದರೆ ಬೈಯಲಿ ಅಂತ ಆಯಮ್ಮ ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಬರೆದೆ. ಆರು ಪುಟವಾಯಿತು. ಯಾವ ಸೀಟಿನ ಬಳಿ ನಿಲ್ಲುತ್ತಾರೆ, ತಿರುವು ಬರುವ ಮೊದಲು ಸೊಂಟವನ್ನು ಯಾವುದಕ್ಕೆ ಆನಿಸುತ್ತಾರೆ, ದಪ್ಪ ಚೀಲದವರು ಎಲ್ಲಿ ಅಡ್ಡ ಬರುತ್ತಾರೆ, ಎಲ್ಲವೂ. ಒಳಗೆ ಕೊಟ್ಟು ಬಂದೆ. ಯಂತ್ರ ನಿಂತಿತು. ತುಂಬ ಹೊತ್ತು ನಿಂತೇ ಇತ್ತು.

ಎರಡು ದಿನ ಕಳೆದು, ಪ್ರಯೋಗದ ಬಟ್ಟಲು ತಯಾರಾದಾಗ, ಮೇಸ್ತ್ರಿ ಪುಟಗಳನ್ನು ಹಿಡಿದು ಹಜಾರಕ್ಕೆ ಬಂದರು. ನಾನು ಸೇರಿದ ಮೇಲೆ ಅವರು ಹಗಲು ಹೊತ್ತು ಹೊರಗೆ ಬಂದಿದ್ದನ್ನು ನೋಡಿರಲಿಲ್ಲ. "ಕಂಬಿ ಮಧ್ಯೆ ನೆಟ್ಟಗೆ ನಡೆಸಿದ್ರೆ ಇದು ಗೊತ್ತಾಗೋದು ಹೇಗೆ? ಎಲ್ರೂ ಬನ್ನಿ" ಅಂದರು. ಕುರ್ಚಿಗಳನ್ನು ಬಸ್ಸಿನ ಸೀಟುಗಳ ಹಾಗೆ ಎರಡು ಸಾಲು ಇಡಿಸಿದರು. ಕಾಯುತ್ತಿದ್ದವರು, ಕಸ ಗುಡಿಸುವವರು, ನಾನು, ಎಲ್ಲರೂ ನಡುವೆ ಒತ್ತಾಗಿ ನಿಂತೆವು. ಕಂಡಕ್ಟರಮ್ಮ ಪ್ರಯೋಗಕ್ಕೆ ಮಾಡಿದ ಬಟ್ಟಲು ಹಾಕಿಕೊಂಡು ಹಿಂದಿನಿಂದ ಹೊರಟರು.

ಮೊದಲು ನಾಚಿಕೆ ಪಟ್ಟರು. ಆಮೇಲೆ ಮುಖವೇ ಬದಲಾಯಿತು.

"ಮುಂದೆ ಹೋಗ್ರೀ, ಒಳಗೆ ಜಾಗ ಇದೆ. ಯಜಮಾನ್ರೇ, ಬಾಗಿಲು ನಿಮ್ಮ ಸ್ವಂತದ್ದಾ? ಸರೀರಿ ಅತ್ಲಾಗೆ."

ಯಜಮಾನರು ಅಂದರೆ ಮೇಸ್ತ್ರಿ. ಅವರು ಸರಿದರು.

"ತಿರುವು" ಅಂತ ನಾನು ಕೂಗಿದೆ. ನಾನೇ ಕೂಗಿದೆ ಅಕ್ಕಾ, ಅಷ್ಟು ಜನರ ಮುಂದೆ. ಎಲ್ಲರೂ ಒಂದು ಕಡೆಗೆ ವಾಲಿದೆವು. ಅವರು ನಮ್ಮ ನಡುವೆ ಮೈ ತಿರುಗಿಸಿದರು, ಅರ್ಧಕ್ಕೆ ನಿಂತರು. "ಇಲ್ಲಿ. ಇಲ್ಲೇ." ಮೇಸ್ತ್ರಿ ಜನರ ಕಾಲುಗಳ ನಡುವೆ ಮಂಡಿಯೂರಿ ಕೂತು ಸೀಮೆಸುಣ್ಣದಿಂದ ಗುರುತು ಹಾಕಿದರು. ಎದ್ದು ಕಂಡಕ್ಟರಮ್ಮನನ್ನೇ ನೇರವಾಗಿ ಕೇಳಿದರು: "ಇನ್ನೆಲ್ಲಿ?"

ಅವರಿಗೆ ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕರೆಯುತ್ತಾರಂತೆ. ಪಾಸಾಗುತ್ತಾರೋ ಇಲ್ಲವೋ ಗೊತ್ತಿಲ್ಲ. ಗಾಯದ ಕಲೆ ಇದೆ. ಅದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ.

ಇಪ್ಪತ್ತೊಂಬತ್ತಕ್ಕೆ, ಕೊನೆಯ ದಿನ, ನಾನಾಗಿಯೇ ಒಳಗೆ ಹೋಗಿ ರಾಜೀನಾಮೆ ವಾಪಸು ಕೇಳಿದೆ. ಸೀಟು ಇಲ್ಲದ್ದಕ್ಕೆ ಕೇಳುತ್ತಿದ್ದೇನಾ ಅಂತ ನನ್ನನ್ನೇ ಕೇಳಿಕೊಂಡೆ. ಇದ್ದಿದ್ದರೂ ಕೇಳುತ್ತಿದ್ದೆ ಅನ್ನಿಸುತ್ತದೆ, ಆದರೆ ಪ್ರಮಾಣ ಮಾಡಲಾರೆ.

"ಅಚ್ಚು ತೆಗೆಯೋದೂ ಕಲಿಸ್ತೀರಾ?" ಅಂತಲೂ ಕೇಳಿದೆ.

"ಕೋರ್ಸ್ ಮಾಡ್ದೆ ಇಲ್ಲಿ ಯಾರ ಕಾಲೂ ಮುಟ್ಟೋ ಹಾಗಿಲ್ಲ. ನಿನ್ ಕೆಲಸ ನೀನು ಮಾಡು."

"ಮೂರು ಸಾಲು ಆಗಲ್ಲ ಸಾರ್."

"ಮತ್ತೆಷ್ಟು?"

"ಅವರು ಹೇಳಿದಷ್ಟು."

"ನಂಗೆ ಓದೋಕೆ ಹೊತ್ತೆಲ್ಲಿದೆಯಪ್ಪಾ?"

"ಹಾಗಾದ್ರೆ ಹೊರಗೆ ಬಂದು ಕೇಳಿ."

ಇಂಥ ಮಾತು ನನ್ನ ಬಾಯಿಂದ ಹೇಗೆ ಬಂತೋ. ಅವರು ನನ್ನನ್ನು ನೋಡಿದರು, ಯಂತ್ರ ಹಾಕಿದರು. ಆವತ್ತಿನಿಂದ ಹೊರಗೂ ಬರುತ್ತಿಲ್ಲ, ಓದದೆಯೂ ಇಲ್ಲ. ಗೊಣಗುತ್ತಾ ಓದುತ್ತಾರೆ, ಇಲ್ಲಿಗೆ ಕೇಳಿಸುತ್ತದೆ.

ಇದು ಸರಿಯಾದ ನಿರ್ಧಾರವೋ ಅಲ್ಲವೋ ತಿಳಿಯದು. ಸಮಾಧಾನವಂತೂ ಆಗಿಲ್ಲ. ನೀನು ಬರಬೇಡ ಅಂದಿದ್ದಕ್ಕೆ ಬರಲಿಲ್ಲ ಅಂತ ಮಾತ್ರ ತಿಳಿಯಬೇಡ. ಅಮ್ಮನಿಗೂ ಹೇಳು. ನಿನ್ನ ಮುಂದಿನ ಪುಟ ಬರೆದಾಗ ಕಳಿಸು. ಓದುತ್ತೇನೆ, ಕೆಂಪು ಪೆನ್ನು ತೆಗೆಯುವುದಿಲ್ಲ.

ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕರು ಬಂದು ಕೂತಿದ್ದಾರೆ. ಮೊದಲ ಸಲ ಬಂದವರು. ಎಲ್ಲಿಂದ ಶುರು ಮಾಡಲಪ್ಪಾ ಅಂತ ಕೇಳುತ್ತಿದ್ದಾರೆ. ಎಲ್ಲಿಂದ ಬೇಕಾದರೂ ಮಾಡಿ ಅಂತ ಹೇಳಲು ಏಳುತ್ತಿದ್ದೇನೆ.

ತಮ್ಮ